ಹನ್ನೊಂದನೇ ತೂಬಿನ ಹೆಂಗಸರ ಕೂದಲು

ಕೂದಲನ್ನು ಗಾಜಿನ ಪಟ್ಟಿಯ ಮೇಲೆ ಮಲಗಿಸುವಾಗ ಬೇರಿನ ತುದಿ ಎಡಕ್ಕಿರಬೇಕು. ಉಸಿರು ಬಿಗಿಹಿಡಿದು ಮಲಗಿಸಬೇಕು, ಇಲ್ಲದಿದ್ದರೆ ಎಳೆ ಹಾರಿಹೋಗುತ್ತದೆ. ಎರಡೂ ತುದಿಗೆ ಅಂಟು ಹಾಕಿ, ಸಂಖ್ಯೆಯ ಚೀಟಿ ಹಚ್ಚಿ, ಪಟ್ಟಿಯನ್ನು ಯಂತ್ರದ ಬಾಯಿಗೆ ತಳ್ಳಬೇಕು. ಮೂರು ವರ್ಷದಿಂದ ನನ್ನ ಕೆಲಸ ಇಷ್ಟೇ. ದಿನಕ್ಕೆ ನೂರಿಪ್ಪತ್ತು ಎಳೆ. ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟ ನನ್ನನ್ನು ಕಿಲ್ಲೇದಾರ ಮೇಡಂ ಕೆಲಸಕ್ಕೆ ಇಟ್ಟುಕೊಂಡದ್ದು ನನ್ನ ಬೆರಳು ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವ ಹೊತ್ತಿನಲ್ಲಿ ರಕ್ತದಲ್ಲಿ ಏನಿರುತ್ತದೋ ಅದರ ಒಂದಿಷ್ಟು ಎಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟು ಸೀಗೆಕಾಯಿ ತಿಕ್ಕಿದರೂ ಹೋಗುವುದಿಲ್ಲ. ಯಂತ್ರ ಸೂಜಿಯ ಮೊನೆಯಷ್ಟು ಬೆಳಕಿನಿಂದ ಎಳೆಯನ್ನು ಬೇರಿನ ಕಡೆಯಿಂದ ಸುಡುತ್ತಾ ಹೋಗುತ್ತದೆ. ಎದ್ದ ಹೊಗೆಯಲ್ಲಿ ಕಳೆನಾಶಕ ಎಷ್ಟಿದೆ ಎಂದು ಅಳೆದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಗದ್ದೆಗೆ ಔಷಧ ಬಿದ್ದ ದಿನಗಳಲ್ಲಿ ಆ ಗೆರೆ ಗೂಟದ ಹಾಗೆ ಮೇಲಕ್ಕೇಳುತ್ತದೆ. ನಮ್ಮ ಕಾಲುವೆಯ ಕಡೆ ವರ್ಷಕ್ಕೆ ಎರಡು ಗೂಟ, ಶ್ರಾವಣದ ಮೊದಲು ಒಂದು, ಸಂಕ್ರಾಂತಿಯ ಆಸುಪಾಸು ಒಂದು.

ಎಣ್ಣೆ ತಡೆಯುವ ಭತ್ತದ ಬೀಜ ಬಂದು ಐದು ವರ್ಷವಾಗಿತ್ತು. ಕಳೆನಾಶಕವನ್ನು ನಮ್ಮ ಜನ ಕಸದ ಎಣ್ಣಿ ಅನ್ನುತ್ತಾರೆ. ನಾಟಿ ಇಲ್ಲ, ಕಸ ಕೀಳುವುದಿಲ್ಲ. ಬಿತ್ತಿದ ಇಪ್ಪತ್ತು ದಿನದೊಳಗೆ ಡ್ರೋನ್ ಬಂದು ಎಣ್ಣೆ ಹೊಡೆದು ಹೋಗುತ್ತದೆ, ಭತ್ತ ಉಳಿದು ಬಾಕಿ ಹಸಿರೆಲ್ಲ ಸಾಯುತ್ತದೆ. ಇಡೀ ಕಾಲುವೆಯ ಡ್ರೋನುಗಳನ್ನು ಹಾರಿಸುವ ನಿಯಂತ್ರಣ ಕೋಣೆ ನಮ್ಮ ಪ್ರಯೋಗಾಲಯದ ಮೇಲೇ ಇದೆ. ಹಿಂದೆ ಅಕ್ಕಿ ಗಿರಣಿಯಾಗಿದ್ದ ಕಟ್ಟಡ. ಮೇಲಿನವರು ಹೊಡೆಯುತ್ತಾರೆ, ಕೆಳಗಿನ ನಾವು ಅಳೆಯುತ್ತೇವೆ. ಇಬ್ಬರಿಗೂ ಒಂದೇ ಮೆಟ್ಟಿಲು.

ಬಸಿರು ನಿಲ್ಲುತ್ತಿಲ್ಲ ಎಂಬ ಗಲಾಟೆ ಹೆಚ್ಚಾದ ಮೇಲೆ ಸರ್ಕಾರ ಒಂದು ನಿಯಮ ಮಾಡಿತು. ಬಸುರಿ ಹೆಂಗಸಿನ ಕೂದಲಲ್ಲಿ ಹಿಂದಿನ ಹಂಗಾಮಿನ ಗೂಟ ಮಿತಿ ಮೀರಿದ್ದರೆ ಅವಳ ಮನೆಯ ಸುತ್ತ ನಾನೂರು ಮೀಟರ್ ಆ ಸಲ ಎಣ್ಣೆ ಹೊಡೆಯುವ ಹಾಗಿಲ್ಲ. ಅದಕ್ಕೆ ಬಿಡುವಿನ ವೃತ್ತ ಎಂದು ಹೆಸರು. ನನ್ನ ಅಕ್ಕ ದ್ಯಾವಮ್ಮ ಆ ವೃತ್ತಕ್ಕೆ ಅರ್ಜಿ ಹಾಕಿದ್ದಳು. ಅವಳಿಗೆ ಆಗ ಐದು ತಿಂಗಳು. ಹಿಂದೆ ಎರಡು ಸಲ ಏಳನೇ ತಿಂಗಳಲ್ಲಿ ಹೋಗಿತ್ತು.

ಪಟ್ಟಿಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ನಾನೂರ ಹದಿನೇಳನೇ ಲಕೋಟೆ ಬಿಚ್ಚಿದಾಗ ನನ್ನ ಕೈ ನಿಂತಿತು. ಕೂದಲ ನಡುವೆ ಒಂದು ಕರಿ ನೂಲಿನ ಚೂರು ಇತ್ತು. ಚೌರಿ ಕಟ್ಟುವ ನೂಲು. ಅಕ್ಕನ ಚೌರಿಯ ತಲೆಗೆ ಅದನ್ನು ಬಿಗಿದವಳು ನಾನೇ.

ಬಸಿರು ನಿಂತರೆ ಮುಡಿ ಕೊಡುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ಮೂರನೇ ತಿಂಗಳಿಗೆ ಸೊಂಟದವರೆಗಿದ್ದ ಕೂದಲನ್ನು ದೇವಿಗೆ ಕೊಟ್ಟು ಬಂದಳು. ಬೋಳು ತಲೆಯಲ್ಲಿ ಹಾಲು ಹಾಕಲು ಡೇರಿಗೆ ಹೋಗಲು ನಾಚಿಕೆ. ಬಾಚುವಾಗ ಉದುರಿದ ಕೂದಲನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ, ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಕೂದಲಿಗೆ ಪಾತ್ರೆ ಕೊಡುವವನು ಬಂದಾಗ ಹಾಕುತ್ತಾರೆ. ಅಕ್ಕ ಮೂರು ವರ್ಷ ಹಾಕದೆ ಒಂದು ಡಬ್ಬದಲ್ಲಿ ಕೂಡಿಸಿಟ್ಟಿದ್ದಳು. ಅದರಿಂದಲೇ ಚೌರಿ ಕಟ್ಟಿಸಿಕೊಂಡು, ಸೆರಗಿನೊಳಗೆ ಪಿನ್ನು ಹಾಕಿ ಜಡೆಯ ಹಾಗೆ ಇಳಿಬಿಟ್ಟುಕೊಳ್ಳುತ್ತಿದ್ದಳು. ಕೂದಲು ಕತ್ತರಿಸಲು ಬಂದ ನರ್ಸಮ್ಮ ಸೆರಗಿನ ಕೆಳಗಿನ ಜಡೆಯಿಂದ ಕತ್ತರಿಸಿಕೊಂಡು ಹೋಗಿದ್ದಾಳೆ. ಅಕ್ಕ ಸುಮ್ಮನಿದ್ದಾಳೆ.

ನಾನೂ ಸುಮ್ಮನಿದ್ದೆ. ಹೇಳಿದರೆ ಆ ಗಳಿಗೆಗೇ ಅರ್ಜಿ ಬಿದ್ದುಹೋಗುತ್ತದೆ. ಹೇಳದಿದ್ದರೆ, ಹೇಗೂ ಅದು ಅಕ್ಕನ ಕೂದಲೇ, ಯಂತ್ರಕ್ಕೆ ಅಷ್ಟು ತಿಳಿದರೆ ಸಾಕು. ನೂಲನ್ನು ಚಿಮುಟದಿಂದ ತೆಗೆದು ಜೇಬಿಗೆ ಹಾಕಿಕೊಂಡೆ. ಎಳೆಗಳನ್ನು ಮಲಗಿಸಿದೆ. ಯಾವ ತುದಿ ಬೇರು ಎಂದು ನೋಡಲೂ ಇಲ್ಲ.

*

ಕಾಲುವೆಯ ಹನ್ನೊಂದನೇ ತೂಬಿನಿಂದ ನೀರುಣ್ಣುವ ಗದ್ದೆಗಳ ನಡುವೆ ನಮ್ಮ ಮನೆ. ಸಂಜೆ ಮನೆಗೆ ಬಂದಾಗ ಅಕ್ಕ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಅಕ್ಕನ ಗಂಡ, ನನ್ನ ಮಾವ, ಭತ್ತ ಕೊಯ್ಯುವ ಯಂತ್ರದ ಜೊತೆ ದೂರದ ಜಿಲ್ಲೆಗೆ ಹೋದವನು ದಸರೆಗೆ ಬರುವುದು. ಮನೆಯಲ್ಲಿ ನಾವಿಬ್ಬರೇ.

"ನಂದು ಬಂತೇನ?" ಅಂದಳು.

"ಹೆಸರಿರಂಗಿಲ್ಲಕ್ಕ."

"ಹೆಸರಿಲ್ಲದಿದ್ರ ನಿನಗ ಗೊತ್ತಾಗಂಗಿಲ್ಲೇನು? ಸಣ್ಣಾಕಿದ್ದಾಗ ಯಾರ ಮನಿ ಕೋಳಿ ಅಂತ ಹೆಜ್ಜಿ ನೋಡಿ ಹೇಳ್ತಿದ್ದಿ."

"ಅಕ್ಕ, ಚೌರಿಯಿಂದ ಯಾಕ ಕೊಟ್ಟಿ?"

ಅವಳು ಕೈ ತೊಳೆದು, ಸೆರಗು ಸರಿಮಾಡಿಕೊಂಡಳು. ಒಳಗೆ ಒಂದು ಬೆರಳು ದಪ್ಪ ಕುರುಚಲು ಕೂದಲು. "ಇದನ್ನ ಕತ್ತರಿಸಿದ್ರ ಏನ್ ಸಿಗತೈತಿ? ಸಂಕ್ರಾಂತಿ ಎಣ್ಣಿ ಇದರಾಗ ಎಲ್ಲೈತಿ? ಅದು ದೇವಿ ಹತ್ರ ಹೋತು. ಚೌರಿ ಅಂದ್ರ ಏನು, ಮಂದಿದೇನು? ನನ್ನ ತಲಿದ ಅಲ್ಲೇನು ಅದು?"

ಅವಳ ಲೆಕ್ಕದಲ್ಲಿ ತಪ್ಪೇನಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಮೊದಲ ಸಲ ಹೋದಾಗ ಬಿಸಿಲು ಅಂದಿದ್ದರು. ಎರಡನೇ ಸಲ ಅವಳು ಐದನೇ ತಿಂಗಳಿಗೇ ಅವ್ವನ ಊರಿಗೆ ಹೋಗಿದ್ದಳು. ಅದೂ ಇದೇ ಕಾಲುವೆಯ ಮೇಲೆ, ಹದಿನಾಲ್ಕು ಕಿಲೋಮೀಟರ್ ಕೆಳಗೆ. ಅಲ್ಲೂ ಹೊಡೆದರು. ಅದೇ ತಿಂಗಳು ಇಲ್ಲಿ ನಮ್ಮ ಎಮ್ಮೆಯೂ ದಿನ ತುಂಬುವ ಮೊದಲೇ ಕಂದು ಹಾಕಿತು. ಆಗ ಅಕ್ಕ ಅತ್ತಿರಲಿಲ್ಲ. "ನಾವಿಬ್ರೂ ಒಂದ ಕಾಲುವಿ ಗಾಳಿ ಕುಡದೀವಿ" ಅಂದಿದ್ದಳು ಅಷ್ಟೆ.

ಎಣ್ಣೆ ಹೊಡೆಯಲು ಇನ್ನು ಹದಿನೇಳು ದಿನ ಉಳಿದಿತ್ತು.

*

ಮರುದಿನ ಮೇಡಂ ನಾನೂರ ಹದಿನೇಳನೇ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಿಲ್ಲೇದಾರ ಮೇಡಂ ಧಾರವಾಡದವರು, ಐವತ್ತು ದಾಟಿದವರು. ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣ ಕೆಳಗೆ ಕಪ್ಪಾಗುತ್ತದೆ.

"ಹುಲಿಗೆಮ್ಮ, ಇಲ್ಲಿ ಬಾ. ಒಂದ ಹೆಣ್ಣಮಗಳ ಐದು ಎಳಿ ಇವು. ಒಂದರಾಗ ಬ್ಯಾಸಿಗ್ಯಾಗ ಗೂಟ ಐತಿ. ಇನ್ನೊಂದರಾಗ ದೀಪಾವಳಿಗೆ. ಮತ್ತೊಂದು ಹಿಂದ ಮುಂದ ಆಗೇತಿ. ಇದು ಒಬ್ಬಾಕಿ ತಲಿ ಅಲ್ಲ. ನಾಕು ಮಂದಿ ಕೂದಲಾ ಕಲಸಿ ಕೊಟ್ಟಾರ. ಮೋಸ ಅಂತ ಬರೀಬೇಕಾಗತೈತಿ."

ಮೋಸ ಎಂಬ ಮಾತು ಬರದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

"ಮೋಸ ಅಲ್ರೀ. ಒಬ್ಬಾಕಿದ. ನಮ್ಮ ಅಕ್ಕಂದು." ಜೇಬಿನಿಂದ ನೂಲು ತೆಗೆದು ಮೇಜಿನ ಮೇಲಿಟ್ಟೆ. ಮುಡಿ, ಡಬ್ಬ, ಚೌರಿ, ಎಲ್ಲ ಹೇಳಿದೆ. ನನ್ನ ಬಾಯಿಂದ ಅಷ್ಟು ಮಾತು ಅವರು ಮೂರು ವರ್ಷದಲ್ಲಿ ಕೇಳಿರಲಿಲ್ಲ.

ಮೇಡಂ ಬಯ್ಯಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಕೂದಲು ಎಷ್ಟುದ್ದ ಇತ್ತು ಆಕಿದು?"

"ಸೊಂಟಕ್ಕ ಬರ್ತಿತ್ರಿ. ಅರವತ್ತು ಸೆಂಟಿಮೀಟರ್ ಇದ್ದೀತು."

"ಅಂದ್ರ ಒಂದೊಂದು ಎಳಿಯೊಳಗ ಐದು ವರ್ಷ. ಕೂಡಿಸಿಟ್ಟಿದ್ದು ಮೂರು ವರ್ಷ." ಕಣ್ಣು ತೆರೆದರು. "ಎಂಟು ವರ್ಷ ಆತಲ್ಲ ಹುಡುಗಿ. ಎಣ್ಣಿ ಬರೋಕಿಂತ ಮೊದಲಿನ ಮೂರು ವರ್ಷಾನೂ ಅದರಾಗ ಐತಿ. ಅಂಥಾ ಕೂದಲು ಈ ಕಾಲುವಿ ಮ್ಯಾಲೆ ಯಾರ ಹತ್ರ ಐತಿ? ಆ ಚೌರಿ ತಗೊಂಡು ಬಾ."

*

ಚೌರಿ ಬಿಚ್ಚಿದರೆ ಅಂಗೈ ತುಂಬ ಗೋಜಲು. ಬೇರು ಯಾವುದು, ತುದಿ ಯಾವುದು? ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇರುತ್ತದೆ, ಆದರೆ ಅರ್ಧಕ್ಕರ್ಧ ಎಳೆಗಳಲ್ಲಿ ಅದು ಸವೆದುಹೋಗಿತ್ತು. ನಾನು ಎಳೆಯನ್ನು ಎರಡು ಬೆರಳ ನಡುವೆ ಜಾರಿಸುತ್ತಿದ್ದೆ. ಬೇರಿನಿಂದ ತುದಿಯ ಕಡೆಗೆ ನುಣ್ಣಗೆ ಜಾರುತ್ತದೆ, ತಿರುಗಿಸಿದರೆ ಬೆರಳಿಗೆ ತಡೆಯುತ್ತದೆ. ಮೀನಿನ ಹುರುಪೆಯ ಹಾಗೆ. ಮೇಡಂ ಸೂಕ್ಷ್ಮದರ್ಶಕದಲ್ಲಿ ಮೊದಲ ಇಪ್ಪತ್ತು ಎಳೆ ಪರೀಕ್ಷಿಸಿದರು. ಎಲ್ಲ ಸರಿ ಇದ್ದವು. ಆಮೇಲೆ ನೋಡುವುದನ್ನು ಬಿಟ್ಟರು.

ಆರು ದಿನದಲ್ಲಿ ಇನ್ನೂರ ಹನ್ನೆರಡು ಎಳೆ. ಒಂದೊಂದರ ಗೆರೆಯನ್ನು ಕಾಗದದ ಪಟ್ಟಿಯಲ್ಲಿ ತೆಗೆದು, ಒಂದರ ಗೂಟ ಇನ್ನೊಂದರ ಗೂಟಕ್ಕೆ ಕೂಡುವ ಹಾಗೆ ಹೊಂದಿಸಬೇಕು. ಗೂಟಗಳ ಎತ್ತರ ಬೇರೆಬೇರೆ ಇರುವುದರಿಂದ ಹೊಂದಿಕೆ ಸಿಗುತ್ತಿತ್ತು: ಒಂದು ಗಿಡ್ಡ, ಎರಡು ಎತ್ತರ, ಮತ್ತೆ ಒಂದು ಗಿಡ್ಡ. ಆದರೆ ಯಾವ ಗೂಟ ಯಾವ ವರ್ಷದ್ದು ಎಂದು ಹೇಳುವವರಿಲ್ಲ. ಉದುರುವ ಮೊದಲು ಕೂದಲು ಎರಡು ಮೂರು ತಿಂಗಳು ಬೆಳೆಯದೆ ಸುಮ್ಮನಿರುತ್ತದೆ, ಹಾಗಾಗಿ ದಿನ ಎಣಿಸಿದರೂ ಲೆಕ್ಕ ತಪ್ಪುತ್ತದೆ.

"ಎಮ್ಮಿ ಬಾಲ," ಅಂದೆ ನಾನು.

"ಏನು?"

"ನಮ್ಮ ಎಮ್ಮಿ ಬಾಲದ ಕೂದಲಾ ಯಾರೂ ಕತ್ತರಿಸಿಲ್ರಿ. ಇನ್ನೂ ಅದರ ಮೈ ಮ್ಯಾಲೇ ಐತಿ. ಒಂದ ಮನಿ, ಒಂದ ಗಾಳಿ."

ಮೇಡಂ ಮೊದಲ ಸಲ ನಕ್ಕರು. ಬಾಲದ ಕೂದಲು ಮೈಯಿಂದಲೇ ಕತ್ತರಿಸಿದ್ದು, ಅದಕ್ಕೆ ಇವತ್ತಿನ ದಿನ ಗೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮೂರು ವರ್ಷದ ಗೂಟಗಳು ಅಕ್ಕನ ಗೂಟಗಳ ಪಕ್ಕ ಒಂದಕ್ಕೊಂದು ಬಂದು ನಿಂತವು. ಅಲ್ಲಿಂದ ಹಿಂದಿನದೆಲ್ಲ ತಾನೇ ಜೋಡಿಕೊಂಡಿತು.

ಏಳನೇ ದಿನ ಅಕ್ಕನನ್ನು ಕರೆತಂದೆ. ಗೆರೆ ಪ್ರಯೋಗಾಲಯದ ಗೋಡೆಯ ಉದ್ದಕ್ಕೂ ಇತ್ತು, ಬಾಗಿಲಿಂದ ಕಿಟಕಿಯವರೆಗೆ. ಅವಳು ಬಾಗಿಲ ಬಳಿ ನಿಂತಳು. ಅಲ್ಲಿ ಗೆರೆ ನೆಲದ ಹಾಗೆ ಸಪಾಟು.

"ಇದ್ಯಾವಾಗಿಂದು?"

"ನಿನ್ನ ಲಗ್ನದ ವರ್ಷ."

"ಆಗ ನಾವು ಲಚುಮಕ್ಕನ ಗುಂಪಿನಾಗ ಕಸ ಕೀಳಾಕ ಹೋಗ್ತಿದ್ವಿ." ಗೋಡೆಯ ಗುಂಟ ಮೆಲ್ಲಗೆ ನಡೆದಳು. ಮೊದಲ ಗೂಟ ಬಂತು. ಮುಟ್ಟಲಿಲ್ಲ. ಎರಡು, ಮೂರು. ಐದನೆಯದರ ಮುಂದೆ ನಿಂತಳು. ಯಾರೂ ಹೇಳಿರಲಿಲ್ಲ ಅವಳಿಗೆ. "ಇದು ಮೊದಲನೇದ್ದು," ಅಂದಳು. ಮುಂದೆ ನಡೆದಳು. ಏಳನೆಯದು ಎಲ್ಲಕ್ಕಿಂತ ಎತ್ತರ. "ಅವ್ವನ ಮನ್ಯಾಗಿದ್ದೆ."

ಮೇಡಂ ಹೌದೆಂದು ತಲೆಯಾಡಿಸಿದರು. ಅಕ್ಕ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ಕಾಲು ಬಾತಿದ್ದವು.

"ಇಷ್ಟೆಲ್ಲ ನನ್ನ ತಲಿ ಮ್ಯಾಲೆ ಬರದಿತ್ತು. ನಾನು ಎಣ್ಣಿ ಹಚ್ಚಿ ಬಾಚಿಕೊಂತಿದ್ದೆ," ಅಂದಳು.

*

ಮೇಡಂ ಅಕ್ಕನ ಮತ್ತು ಎಮ್ಮೆಯ ಗೆರೆಗಳ ವರದಿ ಕಳಿಸಿದ ಮೇಲೆ ಬಿಡುವಿನ ವೃತ್ತ ಕೊಡುವ ಸಮಿತಿಯ ಉತ್ತರ ನಾಲ್ಕು ದಿನಕ್ಕೆ ಬಂತು. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಮಾದರಿಯನ್ನು ಅರ್ಜಿದಾರಳ ತಲೆಯಿಂದ ಸಾಕ್ಷಿಯ ಸಮಕ್ಷಮ ಕತ್ತರಿಸಿಲ್ಲವಾದ್ದರಿಂದ ಪರಿಗಣಿಸಲು ಬರುವುದಿಲ್ಲ. ವರದಿಯ ವೈಜ್ಞಾನಿಕ ಮಹತ್ವವನ್ನು ಸಮಿತಿ ಮೆಚ್ಚುತ್ತದೆ. ಮುಂದಿನ ಹಂಗಾಮಿಗೆ ಹೊಸ ಅರ್ಜಿ ಸಲ್ಲಿಸಬಹುದು.

ಜೊತೆಗೆ ಪಶುಗಳ ವಿಭಾಗದಿಂದ ಇನ್ನೊಂದು ಕಾಗದ ಇತ್ತು. ಎಮ್ಮೆಯ ಬಾಲದ ಮಾದರಿ ಕ್ರಮಬದ್ಧವಾಗಿದೆ, ಹದಿನೈದು ದಿನ ಅದಕ್ಕೆ ಬದುವಿನ ಹುಲ್ಲು ಹಾಕಬಾರದು.

ಮನೆಗೆ ಬಂದು ಹೇಳಿದೆ. ಅಕ್ಕ ಕೊಟ್ಟಿಗೆಯ ಕಡೆ ತಿರುಗಿ, "ನಿನ್ನ ಅರ್ಜಿ ಪಾಸಾತು ನೋಡಬೇ," ಅಂದಳು. ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ಅಕ್ಕ ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. ಆಮೇಲೆ ನಗು ನಿಲ್ಲಿಸಿ, "ಎಷ್ಟು ದಿನ ಉಳೀತು?" ಅಂದಳು.

"ಐದು."

"ಹೆರಿಗಿ ಕಾರ್ತಿಕದಾಗ. ಮುಂದಿನ ಎಣ್ಣಿ ಸಂಕ್ರಾಂತಿಗೆ. ಇದೊಂದು ದಾಟಿದ್ರ ಸಾಕಿತ್ತು."

*

ಮೂರು ವರ್ಷದಲ್ಲಿ ನಾನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನಿಯಂತ್ರಣ ಕೋಣೆಯಲ್ಲಿ ಗೋಡೆ ತುಂಬ ಪರದೆ, ಪರದೆ ತುಂಬ ಗದ್ದೆಗಳ ಚೌಕ. ಅಮರೇಶ ಎಂಬ ಹುಡುಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿದ್ದ. ಅವನನ್ನು ದಿನಾ ಚಹಾದಂಗಡಿಯಲ್ಲಿ ನೋಡುತ್ತಿದ್ದೆ, ಮಾತಾಡಿರಲಿಲ್ಲ.

"ಹನ್ನೊಂದನೇ ತೂಬಿನಾಗ ಒಂದು ಮನಿ ಸುತ್ತ ಬಿಡಾಕ ಬರತೈತೇನ್ರಿ?" ಅಂದೆ, ಮುಖ ಕೆಳಗೆ ಹಾಕಿ.

"ಅಯ್ಯೋ ತಂಗಿ, ನಾ ಏನು ಡ್ರೈವರಾ? ಪಟ್ಟಿ ಮ್ಯಾಲಿಂದ ಬರತೈತಿ, ಅದ ತಾನ ಹಾರತೈತಿ, ತಾನ ಹೊಡಿತೈತಿ. ನಾ ಬರೇ ಕುಂತು ನೋಡಾಂವ. ಎದ್ದು ಹೋದ್ರೂ ಅದಕ್ಕ ಗೊತ್ತಾಗಂಗಿಲ್ಲ."

"ನಿಲ್ಲಸಾಕ ಏನೂ ಇಲ್ಲೇನ್ರಿ?"

"ಗಾಳಿ ಜೋರಾದ್ರ ನಿಲ್ಲತೈತಿ. ಮಳಿ ಬಂದ್ರ ನಿಲ್ಲತೈತಿ. ಇಲ್ಲಾಂದ್ರ ಮನಶಾರು ಇರಬೇಕು." ಆಗಲೇ ಹೊಡೆಯಲು ಶುರುವಾಗಿದ್ದ ಮೇಲಿನ ತೂಬಿನ ಒಂದು ಚೌಕ ತೋರಿಸಿದ. ಅದರಲ್ಲಿ ಕೆಂಪು ಚುಕ್ಕೆಯ ಸುತ್ತ ಒಂದು ಬಿಳಿ ಉಂಗುರ. "ನೋಡಿಲ್ಲಿ. ಯಾರೋ ಮುದುಕ ಬದುವಿನ ಮ್ಯಾಲೆ ಕುಂತು ಬೀಡಿ ಸೇದಾಕತ್ತಾನ. ಮೈ ಬಿಸಿ ಹಿಡದು ಗುರುತು ಮಾಡತೈತಿ. ಅವನ ಸುತ್ತ ನೂರು ಮೀಟರ್ ಬಿಟ್ಟು ಹೊಡಿತೈತಿ. ಬೆಳಿಗ್ಗಿಂದ ಮೂರು ಸಲ ಬಂದು ಹೋತು. ಅವ ಏಳವಲ್ಲ."

"ನಾಳೆ ಮತ್ತ ಬರತೈತೇನ್ರಿ?"

"ಎಂಟು ದಿನ ಬರತೈತಿ. ಬೆಳಿಗ್ಗೆ ಆರರಿಂದ ಹತ್ತು, ಸಂಜಿ ನಾಕರಿಂದ ಆರು. ಆಮ್ಯಾಲೆ ಕಸ ಐದನೇ ಎಲಿ ಬಿಡತೈತಿ. ಐದೆಲಿ ಕಸಕ್ಕ ಈ ಎಣ್ಣಿ ಹತ್ತಂಗಿಲ್ಲ. ಪಟ್ಟಿಯಿಂದ ತಾನ ಬಿದ್ದು ಹೋಗತೈತಿ." ಅವನು ನನ್ನ ಮುಖ ನೋಡಿದ. "ಯಾಕ, ನೀ ಎಂಟು ದಿನ ಬೀಡಿ ಸೇದ್ತಿ ಏನು?"

ನಾನು ಮೆಟ್ಟಿಲಿಳಿದು ಬಂದೆ.

ಮನೆಯಲ್ಲಿ ಕ್ಯಾಲೆಂಡರಿನ ಹಿಂಬದಿಗೆ ನಮ್ಮ ಮನೆ ಬರೆದೆ. ಸುತ್ತ ನಾನೂರು ಮೀಟರಿಗೆ ತಾಟು ಇಟ್ಟು ಗೆರೆ ಎಳೆದೆ. ಒಳಗೆ ನೂರು ಮೀಟರಿಗೆ ಬಳೆ ಇಟ್ಟು ಎಳೆಯುತ್ತಾ ಹೋದೆ, ಎಲ್ಲೂ ಸಂದಿ ಉಳಿಯಬಾರದು. ಇಪ್ಪತ್ತಮೂರು ಬಳೆ ಬೇಕಾದವು, ಬಳೆಗೊಬ್ಬರಂತೆ ಇಪ್ಪತ್ತಮೂರು ಜನ.

*

ಲಚುಮಕ್ಕನ ಕಸ ಕೀಳುವ ಗುಂಪು ಮುರಿದು ಐದು ವರ್ಷವಾಗಿತ್ತು. ಆದರೂ ಸಂಜೆ ಅವರೆಲ್ಲ ಅವಳ ಕಟ್ಟೆಯ ಮೇಲೇ ಕೂಡುತ್ತಿದ್ದರು. ಕೆಲವರು ಅಕ್ಕಿ ಗಿರಣಿಗೆ ಹೋಗುತ್ತಿದ್ದರು, ಕೆಲವರು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಹೋಗಿ ನಿಂತೆ. ನಿಂತೇ ಇದ್ದೆ.

"ಏನಬೇ, ದ್ಯಾವಿ ತಂಗಿ, ಕಂಬ ನಿಂತಂಗ ನಿಂತಿ. ಬಾಯಾಗ ಏನೈತಿ?" ಅಂದಳು ಲಚುಮಕ್ಕ. ಅರವತ್ತೆರಡರ ಹೆಂಗಸು, ತಲೆ ಪೂರ್ತಿ ಬಿಳಿ.

ಕಾಗದ ಬಿಚ್ಚಿ ನೆಲದ ಮೇಲಿಟ್ಟೆ. ಹೇಳಿದೆ. ನಡುವೆ ಎರಡು ಸಲ ಧ್ವನಿ ನಿಂತಿತು, ಯಾರೂ ನಗಲಿಲ್ಲ.

"ಅಂದ್ರ ಎಲ್ಲಾರೂ ಕೂಡಿ ಕಸ ಕೀಳೋದು," ಅಂದಳು ಒಬ್ಬಳು.

"ಕೂಡಿ ಅಲ್ರಿ. ಕೂಡಿದ್ರ ಒಂದ ಬಳಿಯಾಗ ಬರ್ತೀರಿ. ದೂರ ದೂರ, ಒಬ್ಬೊಬ್ಬರ."

ಅದು ಅವರಿಗೆ ಹಿಡಿಸಲಿಲ್ಲ. ಕಸ ಕೀಳುವುದೆಂದರೆ ಮೊಳಕೈಗೆ ಮೊಳಕೈ ತಾಗುವ ಹಾಗೆ ಸಾಲು ಹಿಡಿದು, ಮಾತಾಡುತ್ತಾ ಹಿಂದಕ್ಕೆ ಸರಿಯುವುದು. ಒಬ್ಬೊಬ್ಬರೇ ನಿಲ್ಲುವುದೆಂದರೆ ಹಕ್ಕಿ ಕಾಯುವ ಬೆದರುಬೊಂಬೆ. "ಮಾತಿಲ್ದ ಎಂಟು ದಿನಾನಾ? ನನ್ನ ಸೊಸಿ ಮನ್ಯಾಗ ಇದ್ದಂಗ ಆತು," ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಲಚುಮಕ್ಕ ನಗಲಿಲ್ಲ. ತಾಟಿನ ಗೆರೆಯ ಮೇಲೆ ಬೆರಳಾಡಿಸಿದಳು. "ಈ ಅಂಚಿನ ಬಳಿಯಾಗ ನಿಂತೋರಿಗೆ ಹೊರಗ ಹೊಡದದ್ದು ಗಾಳಿಗೆ ಬರತೈತಲ್ಲ?"

ಅದನ್ನು ನಾನು ಹೇಳಿರಲಿಲ್ಲ. ಹೇಳಬೇಕೆಂದು ಬಂದು, ಹೇಳದೆ ಬಿಟ್ಟಿದ್ದೆ. "ಬರತೈತ್ರಿ," ಅಂದೆ.

ಲಚುಮಕ್ಕ ಅಡಿಕೆಯ ಚೂರು ಉಗುಳಿ, "ಅಂಚಿಗೆ ಹೆರೋ ಕಾಲ ಮುಗಿದೋರು. ನಾನು, ಬಸಮ್ಮ, ಕೊಳೂರಾಕಿ. ಹನ್ನೊಂದು ಮಂದಿ ಆಗ್ತೀವಿ. ಇನ್ನೂ ಹೆರೋರು ನಡುವ ಇರ್ರಿ. ನಮಗೇನು, ಇನ್ನ ಯಾವ ಗರ್ಭ ಕಾಯಬೇಕು," ಅಂದಳು.

ನಾನು ಬರೆದುಕೊಂಡೆ.

*

ಎಂಟು ದಿನ. ಬೆಳಿಗ್ಗೆ ಐದೂವರೆಗೆ ಕೆಸರಿಗಿಳಿಯುತ್ತಿದ್ದರು. ಐದು ವರ್ಷದಿಂದ ಬಾಗದ ಬೆನ್ನುಗಳು ಮೊದಲ ದಿನವೇ ಹಿಡಿದುಕೊಂಡವು. ಗದ್ದೆಯ ಒಡೆಯ ಬೈಕಿನಲ್ಲಿ ಬಂದು, "ಕೂಲಿ ಕೊಡಂಗಿಲ್ಲ ನೋಡ್ರಿ" ಎಂದು ಕೂಗಿದ. "ಕೇಳಿದೋರ್ಯಾರಪ್ಪ, ನಿನ್ನ ಗದ್ದಿ ನೆನಪಾತು, ಬಂದೀವಿ," ಎಂದು ಲಚುಮಕ್ಕ ಅಂಚಿನಿಂದ ಕೂಗಿದಳು. ಕಸ ಬಿಟ್ಟಿ ಹೋಗುತ್ತಿರುವುದು ನೋಡಿ ಅವನು ಬೈಕು ತಿರುಗಿಸಿಕೊಂಡು ಹೋದ.

ಮಾತಿಲ್ಲದೆ ಇರಲು ಅವರಿಗೆ ಆಗಲೇ ಇಲ್ಲ. ಒಂದು ಮಾತನ್ನು ಒಬ್ಬಳು ಇನ್ನೊಬ್ಬಳಿಗೆ ಕೂಗುತ್ತಿದ್ದಳು, ಅವಳು ಮುಂದಿನವಳಿಗೆ. ಈ ಕಡೆಯಲ್ಲಿ ಸೊಸೆಯ ಮೇಲಿನ ದೂರಾಗಿ ಹೊರಟದ್ದು ಆ ಕಡೆ ಮುಟ್ಟುವಾಗ ಬೇರೇನೋ ಆಗಿರುತ್ತಿತ್ತು. ಅಕ್ಕ ಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಒಳಗೆ ಹೋಗು ಎಂದರೆ ಹೋಗುತ್ತಿರಲಿಲ್ಲ. ಹತ್ತು ಗಂಟೆಗೆ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದಳು.

ಡ್ರೋನುಗಳು ಬರುತ್ತಿದ್ದವು. ತಾಟಿನ ಅಂಚಿಗೆ ಬಂದು, ಗಾಳಿಯಲ್ಲಿ ನಿಂತು, ಮೂಸಿದ ಹಾಗೆ ಮಾಡಿ, ಪಕ್ಕಕ್ಕೆ ಸರಿದು ಆಚೆಯ ಗದ್ದೆಗೆ ಹೊಡೆಯುತ್ತಿದ್ದವು. ಮೂರನೇ ದಿನ ಗಾಳಿ ನಮ್ಮ ಕಡೆ ತಿರುಗಿತು, ಡ್ರೋನು ನಿಲ್ಲುವಷ್ಟು ಜೋರಾಗಿರಲಿಲ್ಲ. ಅಂಚಿನ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು. ಬಸಮ್ಮ ವಾಂತಿ ಮಾಡಿಕೊಂಡಳು. ಮುಖ ತೊಳೆದು ಮತ್ತೆ ಅದೇ ಬಳೆಗೆ ಹೋಗಿ ನಿಂತಳು. ಕಣ್ಣು ಉರಿದು ಕೊಳೂರಾಕಿಗೆ ಎರಡು ದಿನ ಸರಿಯಾಗಿ ಕಾಣಲಿಲ್ಲ. ಅವಳ ಜಾಗಕ್ಕೆ ನಾನು ಹೋಗುತ್ತೇನೆಂದರೆ ಲಚುಮಕ್ಕ ಬಿಡಲಿಲ್ಲ. "ನಿನಗಿನ್ನೂ ಲಗ್ನ ಆಗಿಲ್ಲ. ನಡೀ ಆಕಡೆ," ಎಂದು ಗದರಿದಳು. ಕೊಳೂರಾಕಿ ಕಾಣದ ಕಣ್ಣಲ್ಲೇ ಬದುವಿನ ಮೇಲೆ ಕೂತಳು. ಮೈ ಬಿಸಿ ಇದ್ದರೆ ಸಾಕಲ್ಲ, ಕಣ್ಣು ಯಾಕೆ ಅಂದಳು.

ಐದನೇ ದಿನ ಮೇಡಂ ಬಂದು ಹೋದರು. ಗದ್ದೆಗಿಳಿಯಲಿಲ್ಲ, ಬದುವಿನ ಮೇಲೆ ಸುಮ್ಮನೆ ನಿಂತಿದ್ದರು. "ಇದನ್ನ ತಡೀಬೇಕು ನಾನು," ಅಂದರು ನನ್ನ ಹತ್ತಿರ. ತಡೆಯಲಿಲ್ಲ. ಅಂಚಿನ ಹನ್ನೊಂದು ಹೆಂಗಸರ ಹೆಸರು ಬರೆದುಕೊಂಡು ಹೋದರು.

ಎಂಟನೇ ಸಂಜೆ ಆರು ಗಂಟೆಗೆ ಅಮರೇಶ ಫೋನು ಮಾಡಿದ. "ನಿಮ್ಮದು ಪಟ್ಟಿಯಿಂದ ಬಿತ್ತು ತಂಗಿ. ಅವಧಿ ಮುಗೀತು ಅಂತ ಬರದೈತಿ." ನಾನು ಕೂಗಿ ಹೇಳಿದೆ. ಮಾತು ಒಬ್ಬರಿಂದೊಬ್ಬರಿಗೆ ದಾಟಿತು. ಯಾರೂ ಕುಣಿಯಲಿಲ್ಲ. ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಕಾಲುವೆಯ ಕಡೆ ಕಾಲು ತೊಳೆಯಲು ನಡೆದರು.

*

ಕಾರ್ತಿಕದ ಎರಡನೇ ವಾರ ಅಕ್ಕನಿಗೆ ಹೆಣ್ಣು ಹುಟ್ಟಿತು. ಒಂದು ಕಿಲೋ ಒಂಬೈನೂರು ಗ್ರಾಂ. ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟು ಕಳಿಸಿದರು. ತಲೆ ತುಂಬ ಕೂದಲು.

ಹೊಟ್ಟೆಯೊಳಗಿರುವಾಗಲೇ ಬೆಳೆದ ಕೂದಲದು. ಮೇಡಂ ಕೇಳಿದ್ದಕ್ಕೆ ಅಕ್ಕ ನಾಲ್ಕು ಎಳೆ ಕೊಟ್ಟಳು. ಅದೇ ವಾರ ಅಂಚಿನ ಹನ್ನೊಂದು ಹೆಂಗಸರ ಕೂದಲೂ ಬಂತು, ಈ ಸಲ ಸಾಕ್ಷಿಯ ಮುಂದೆ, ತಲೆಯಿಂದ ಕತ್ತರಿಸಿದ್ದು. ನಾನೇ ಮಲಗಿಸಿದೆ. ಕೂಸಿನ ಎಳೆಯಲ್ಲಿ ಒಂದು ಸಣ್ಣ ದಿಬ್ಬ ಇತ್ತು, ಗೂಟ ಅನ್ನುವಷ್ಟಿಲ್ಲ. ಲಚುಮಕ್ಕನ ಬಿಳಿ ಎಳೆಯಲ್ಲಿ ಗೆರೆ ಕಾಗದದ ಮೇಲಂಚಿಗೆ ಹೋಗಿ ತಾಗಿತ್ತು. ನಾನು ನೋಡಿದ ಸಾವಿರಾರು ಗೆರೆಗಳಲ್ಲಿ ಅಷ್ಟು ಎತ್ತರದ್ದು ಇರಲಿಲ್ಲ. ಗಣಕಯಂತ್ರ ಅರ್ಹತೆಯ ಕಾಲಮ್ಮಿನಲ್ಲಿ ಒಂದೇ ಪದ ಬರೆಯಿತು: ಅನ್ವಯಿಸುವುದಿಲ್ಲ. ಅವಳು ಬಸುರಿ ಅಲ್ಲವಲ್ಲ.

ಸಂಜೆ ಕಟ್ಟೆಗೆ ಹೋದೆ. ಲಚುಮಕ್ಕ ಗೋಡೆಗೊರಗಿ ಕೂತಿದ್ದಳು. ಇತ್ತೀಚೆಗೆ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು.

"ಕೂಸಿಂದು ಏನ್ ಬಂತು?"

"ಸಣ್ಣದ್ರಿ. ಬಾಳ ಸಣ್ಣದು."

"ನಮ್ಮದು?"

ನಾನು ಹೇಳಿದೆ. ಕಡಿಮೆ ಮಾಡಿ ಹೇಳಬೇಕೆಂದುಕೊಂಡಿದ್ದೆ, ಅವಳು ನೋಡುತ್ತಿದ್ದ ರೀತಿಗೆ ಆಗಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಹೂಂ," ಅಂದಳು. "ಸಂಕ್ರಾಂತಿಗೆ ಯಾರ್ಯಾರು ಬಸುರಿ ಅದಾರ ಗೊತ್ತೇನು? ಬಸಮ್ಮನ ಸೊಸಿಗೆ ಮೂರು. ಡೇರಿ ಮನಿ ಹುಡುಗಿಗೆ ನಾಕು. ಕಾಲುವಿ ದಂಡಿ ಮ್ಯಾಲಿನ ಆ ಬೋವೇರ ಹುಡುಗಿಗೂ ಐತಂತ. ಮೂವರಲ್ಲಿ ಒಬ್ಬಾಕಿ ಅರ್ಜಿನೂ ಪಾಸಾಗಿಲ್ಲ."

ಮೂರು ಮನೆ, ಮೂರು ದಿಕ್ಕಿಗೆ. ಒಂದು ತಾಟಿಗೆ ಇಪ್ಪತ್ತಮೂರು. ಲೆಕ್ಕ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊಳೂರಾಕಿ ಒಂದು ಕಣ್ಣಿಗೆ ಬಟ್ಟೆ ಒತ್ತಿಕೊಂಡು ಪಕ್ಕದಲ್ಲೇ ಕೂತಿದ್ದಳು. ನಮ್ಮ ತೂಬಿನಲ್ಲಿ ಇನ್ನು ಅಷ್ಟು ಹೆಂಗಸರಿಲ್ಲ.

"ಹನ್ನೆರಡನೇ ತೂಬಿನಾಗ ದೊಡ್ಡ ಗುಂಪಿತ್ತು ಒಂದು ಕಾಲಕ್ಕ," ಅಂದಳು ಲಚುಮಕ್ಕ. "ಹೋಗಿ ಕೇಳಬೇಕು. ನನ್ನ ಕೈಲೆ ಅಷ್ಟು ದೂರ ಆಗಂಗಿಲ್ಲವ್ವ."

"ನಾ ಹೋಗ್ತೀನ್ರಿ."

ಅವಳು ನನ್ನನ್ನೇ ನೋಡಿದಳು. "ನೀನಾ? ಮಾತಾಡ್ತಿ?"

ಮರುದಿನ ಭಾನುವಾರ, ಕಾಲುವೆಯ ದಂಡೆ ಹಿಡಿದು ನಡೆದೆ. ಹನ್ನೆರಡನೇ ತೂಬಿನ ಬೇವಿನ ಮರದ ಕೆಳಗೆ ಏಳೆಂಟು ಹೆಂಗಸರು ತೊಗರಿ ಕೇರುತ್ತಾ ಕೂತಿದ್ದರು. ಯಾರ ಗುರುತೂ ಇರಲಿಲ್ಲ. ನನ್ನ ಕಾಲು ಎಂದಿನಂತೆ ಅಲ್ಲೇ ನಿಂತುಬಿಟ್ಟವು. ಒಬ್ಬಳು ಮೊರ ಕೆಳಗಿಟ್ಟು, "ಯಾರ ಮಗಳವ್ವ ನೀ? ಏನಾಗಬೇಕಿತ್ತು?" ಅಂದಳು.

ಮೊದಲು ಯಂತ್ರದ ಬಗ್ಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದೆ. ಆಮೇಲೆ ತಾಟಿನ ಲೆಕ್ಕ, ಆಮೇಲೆ ಆ ಮೂವರ ಹೆಸರು. ಬಾಯಿ ತೆರೆದಾಗ ಅದ್ಯಾವುದೂ ಬರಲಿಲ್ಲ.

"ನಿಮ್ಮೊಳಗ ಹೆರೋ ಕಾಲ ಮುಗಿದೋರು ಎಷ್ಟು ಮಂದಿ ಅದೀರಿ?" ಎಂದು ಕೇಳಿದೆ.